ಕಮಲಾಪುರಕ್ಕೆ ಹೇಳಿ ಬರುವವರು ಯಾರು

ಸಾಯಬಣ್ಣನ ಗಾಡಿ ಬಂತೆಂದರೆ ಸಾಕು, ದೇವೀಂದ್ರಪ್ಪನ ಎದೆ ಧಸಕ್ಕೆನ್ನುತ್ತಿತ್ತು. ಕಮಲಾಪುರದಿಂದ ಕಲಬುರಗಿಯ ಸಂತೆಗೆ ಬರುವ ಆ ಎತ್ತಿನ ಗಾಡಿ ಬ್ರಹ್ಮಪುರದ ಧರ್ಮಾರ್ಥ ದವಾಖಾನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿತ್ತು. ಸಾಯಬಣ್ಣ ಕೆಳಗಿಳಿದು, ಅರಿವೆಯಲ್ಲಿ ಸುತ್ತಿದ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಕಟ್ಟೆಯ ಮೇಲಿಟ್ಟು, "ನಮ್ಮ ಬಂಡೆಮ್ಮಗ ಕೊಡ್ರಿ, ಆಕಿ ಅವ್ವ ಕಳಿಸ್ಯಾಳ" ಎಂದು ಹೇಳಿ ಹೋಗುತ್ತಿದ್ದ. ಬಂಡೆಮ್ಮ ಸತ್ತು ಮಣ್ಣಾಗಿ ಎರಡು ಸಂತೆ ಕಳೆದಿದ್ದವು. ಅದನ್ನು ಅವಳ ತಾಯಿಗೆ ಯಾರೂ ಹೇಳಿರಲಿಲ್ಲ.

ಯಾಕೆ ಹೇಳಿರಲಿಲ್ಲ ಅಂತ ನೀವು ಕೇಳುತ್ತೀರಿ. ಕೇಳಬೇಕಾದ ಮಾತೇ. ಒಂದು ದವಾಖಾನೆ ತುಂಬ ಜನ, ಓದಿದವರು, ಔಷಧ ಕೊಡುವವರು, ಕೊಯ್ದು ಹೊಲಿಯುವವರು. ಒಬ್ಬರಿಗೂ ಬಾಯಿ ಇರಲಿಲ್ಲವೇ? ಇತ್ತು. ಆದರೆ ಅಲ್ಲೊಂದು ಕಟ್ಟಳೆಯಿತ್ತು. ಆ ಕಟ್ಟಳೆಯೇ ಎಲ್ಲರ ಬಾಯಿಗೆ ಬೀಗ ಹಾಕಿತ್ತು.

ಕಟ್ಟಳೆ ಮಾಡಿದವರು ದವಾಖಾನೆಯ ದೊಡ್ಡ ಡಾಕ್ಟರು ಅಣವೀರಪ್ಪನವರು. ಡಾಕ್ಟರಕಿ ಕಲಿಯಲು ಬಂದು, ದವಾಖಾನೆಯಲ್ಲೇ ಉಂಡು ಮಲಗಿ, ಹಗಲಿರುಳು ರೋಗಿಗಳ ಚಾಕರಿ ಮಾಡುವ ಹುಡುಗರಿಗೆ ಅಲ್ಲಿ ಉಮೇದವಾರರು ಅನ್ನುತ್ತಿದ್ದರು. ಒಬ್ಬೊಬ್ಬ ಉಮೇದವಾರನ ಕೈಗೆ ಒಂದಿಷ್ಟು ಮಂಚ. ಆ ಮಂಚದ ಮೇಲಿನ ಜೀವ ಅವನದೇ ಜವಾಬ್ದಾರಿ. ರೋಗಿ ಸತ್ತರೆ ಸುದ್ದಿಯನ್ನು ಮನೆಗೆ ಅವನೇ ಹೋಗಿ ಹೇಳಬೇಕು. ಆಳನ್ನು ಕಳಿಸುವ ಹಾಗಿಲ್ಲ, ಕಾಗದ ಬರೆಯುವ ಹಾಗಿಲ್ಲ. ಮನೆಯವರ ಮುಖ ನೋಡಿ, ನಿಮ್ಮವರು ನನ್ನ ಕೈಯಲ್ಲಿ ಹೋದರು ಅನ್ನಬೇಕು. ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು. "ಕೊಯ್ಯಾಕ ಕಲತು ಹೇಳಾಕ ಕಲೀಲಿಲ್ಲಂದ್ರ ನೀ ಡಾಕ್ಟರ ಅಲ್ಲೋ ತಮ್ಮಾ, ಕಟುಕ" ಎನ್ನುತ್ತಿದ್ದರು ಅಣವೀರಪ್ಪನವರು. ಹಾಗಾಗಿ ಹೇಳಲು ಹೋದವನು ಯಾರೋ, ಆ ಸಾವು ಅವನದು ಅಂತ ಇಡೀ ದವಾಖಾನೆ ತಿಳಿಯುತ್ತಿತ್ತು. ಬೇರೆ ಸಾಕ್ಷಿ ಬೇಕಿರಲಿಲ್ಲ.

ಇದು ನಿಜಾಮರ ಸರಕಾರದ ಕಾಲದ ಮಾತು. ಊರು ಕಲಬುರಗಿಯಾದರೂ ದವಾಖಾನೆಯ ನಂಟು ಗಡಿಯಾಚೆ, ಇಂಗ್ರೇಜರ ಆಳ್ವಿಕೆಯ ಸೊಲ್ಲಾಪುರದ ಒಂದು ವೈದ್ಯಶಾಲೆಯ ಜೊತೆಗಿತ್ತು. ಪಾಠ ಮರಾಠಿಯಲ್ಲಿ, ಪರೀಕ್ಷೆ ಸೊಲ್ಲಾಪುರದಲ್ಲಿ, ಡಾಕ್ಟರೆಂಬ ಸನದು ಅಲ್ಲಿಂದಲೇ. ಆ ಬೇಸಿಗೆಯಲ್ಲಿ ಹುಕುಮು ಬಂತು: ಸೊಲ್ಲಾಪುರದ ನಂಟು ಇನ್ನು ಸಾಕು, ದವಾಖಾನೆಯ ಇಲ್ಹಾಕ್ ಹೈದರಾಬಾದಿನ ಶಾಲೆಯೊಂದರ ಜೊತೆಗೆ. ಇಲ್ಹಾಕ್ ಅಂದರೆ ಜೋಡಣೆ. ದೊಡ್ಡವರಿಗೆ ಅದು ಒಂದು ಸಹಿ. ಉಮೇದವಾರರಿಗೆ ಮಾತ್ರ ಕಾಲ ಕೆಳಗಿನ ನೆಲವನ್ನೇ ಯಾರೋ ಸುತ್ತಿಕೊಂಡು ಹೋದ ಹಾಗಾಯಿತು. ಕೆಲವರು ಟ್ರಂಕು ಹೊತ್ತು ಸೊಲ್ಲಾಪುರದ ರೈಲು ಹತ್ತಿದರು, ಕೆಲವರು ಊರು ಸೇರಿ ಹೊಲದ ಕಡೆ ಮುಖ ಮಾಡಿದರು. ಅಣವೀರಪ್ಪನವರು ಯಾರಿಗೂ ಹೇಳದೆ ಕೋಟು ತೊಟ್ಟು ಟೇಸನ್ನಿಗೆ ಹೊರಟುಹೋದರು.

ಉಳಿದುಕೊಂಡ ಕೆಲವರಲ್ಲಿ ದೇವೀಂದ್ರಪ್ಪನೂ ಒಬ್ಬ. ಮೂರು ವರ್ಷ ಕೀವು ತೊಳೆದವನು, ಇನ್ನೇನು ಸನದು ಕೈಗೆ ಬರುವ ಹೊತ್ತು. ಅವನ ಊರಲ್ಲಿ ಆಗಲೇ ಅವನ ಅವ್ವನನ್ನು "ಡಾಕ್ಟರನ ಅವ್ವಾ" ಎಂದು ಕರೆಯುತ್ತಿದ್ದರು. ಅಷ್ಟು ಕರೆಸಿಕೊಂಡವಳ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದಾದರೂ ಹೇಗೆ?

ಹೈದರಾಬಾದಿನಿಂದ ಬಂದ ಹೊಸ ದೊಡ್ಡ ಡಾಕ್ಟರು ಇಮಾಮುದ್ದೀನ್ ಸಾಹೇಬರು ಒಳ್ಳೆಯ ಮನುಷ್ಯ, ಸುಳ್ಳೇಕೆ. ದೇವೀಂದ್ರಪ್ಪನನ್ನು ಕೂರಿಸಿಕೊಂಡು ಉರ್ದುವಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಅವನ ಮೂರು ವರ್ಷವನ್ನು ಹೈದರಾಬಾದು ಒಪ್ಪಿಕೊಳ್ಳುತ್ತದೆ. ಕೊನೆಯ ಆರು ತಿಂಗಳು ಅಲ್ಲಿಗೆ ಬಂದು ಮುಗಿಸಿದರೆ ಸನದು ಸಿಗುತ್ತದೆ. ಷರತ್ತು ಒಂದೇ. ಹಳೆಯ ಕಾಲದ, ಕೈತಪ್ಪಿನಿಂದಾದ ಯಾವ ಸಾವೂ ಅವನ ತಲೆಯ ಮೇಲಿರಬಾರದು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಬಂಡೆಮ್ಮ ದೇವೀಂದ್ರಪ್ಪನ ರೋಗಿ. ತೊಡೆಯ ಮೇಲೆ ತೆಂಗಿನಕಾಯಿಯಷ್ಟು ಬಾವು ಎದ್ದು, ಸಾಯಬಣ್ಣನ ಗಾಡಿಯಲ್ಲಿ ಮಲಗಿಕೊಂಡು ಬಂದವಳು. ಅಣವೀರಪ್ಪನವರ ಕಣ್ಣೆದುರೇ ದೇವೀಂದ್ರಪ್ಪ ಬಾವು ಕೊಯ್ದು, ಒಳಗೆ ಅರಿವೆ ತುಂಬಿ ಕಟ್ಟಿದ್ದ. ದಿನಾ ನಡುಮಧ್ಯಾಹ್ನ ಆ ಅರಿವೆ ಬದಲಿಸುವುದು ಅವನ ಕೆಲಸ. ಬಂಡೆಮ್ಮ ಭಾರೀ ಮಾತಿನ ಮಲ್ಲಿ. ಅರಿವೆ ಎಳೆಯುವಾಗ ಹಲ್ಲು ಕಚ್ಚಿಕೊಂಡೂ ನಗುತ್ತಿದ್ದಳು: "ಏ ಡಾಕ್ಟರಪ್ಪಾ, ನಿಮ್ಮ ಕೈ ಎಷ್ಟು ಹಗುರ ಅದ ರೀ. ನಿಮ್ಮನ್ನ ಮಾಡ್ಕೊಳ್ಳಾಕಿ ಪುಣ್ಯ ಮಾಡ್ಯಾಳ." ದೇವೀಂದ್ರಪ್ಪನ ಕಿವಿ ಕೆಂಪಾಗುತ್ತಿತ್ತು. ಗಾಯ ತುಂಬುತ್ತ ಬಂದಿತ್ತು. ಗಂಡ ಬಿಟ್ಟುಹೋದವಳು, ಮನೆಯಲ್ಲಿ ಮೊಣಕಾಲು ಹಿಡಿದ ತಾಯಿ ಒಬ್ಬಳೇ. ಜಲ್ದಿ ಕಳಿಸಿಕೊಡಿ ಅಂತ ಅವಳದು ದಿನಾ ಒಂದೇ ತಕರಾರು.

ಇಲ್ಹಾಕಿನ ದಿನ ಬಂತು. ದೊಡ್ಡ ಅಧಿಕಾರಿಗಳು ಬರುತ್ತಾರೆಂದು ಒಳಗಿನ ವಾರ್ಡಿಗೆ ಸುಣ್ಣ ಹೊಡೆಸಿದರು. ಸುಣ್ಣದ ವಾಸನೆಗೆ ಬಂಡೆಮ್ಮ ಕೆಮ್ಮುತ್ತಾಳೆಂದು ಅವಳ ಮಂಚವನ್ನಷ್ಟೇ ಹಿಂದಿನ ಪಡಸಾಲೆಗೆ ಹಾಕಿಸಿದವನು ದೇವೀಂದ್ರಪ್ಪನೇ. ಬೆಳಗ್ಗೆ ಹೈದರಾಬಾದಿನಿಂದ ಬಂದಿಳಿದ ಹೊಸ ಉಮೇದವಾರ ಮಕ್ಬೂಲನಿಗೆ ವಾರ್ಡಿನ ಮಂಚಗಳನ್ನು ತೋರಿಸಿಯೂ ಆಯಿತು. ನಡುಮಧ್ಯಾಹ್ನ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಹಳಬರೆಲ್ಲ ಈ ಕಡೆ, ಹೊಸಬರು ಆ ಕಡೆ. ಈ ಗಳಿಗೆಯಿಂದ ಎಲ್ಲ ಮಂಚಗಳೂ ಹೊಸಬರ ಕೈಗೆ ಎಂದು ಅಧಿಕಾರಿಯೊಬ್ಬರು ಉರ್ದುವಿನಲ್ಲಿ ಓದಿದರು. ಭಾಷಣ ನಡೆದೇ ಇತ್ತು.

ಆಗ ಹಿಂದಿನ ಪಡಸಾಲೆಯಿಂದ ಕೂಗು ಕೇಳಿಸಿತು. "ಡಾಕ್ಟರಪ್ಪಾ!"

ದೇವೀಂದ್ರಪ್ಪನಿಗೆ ಸರಿಯಾಗಿಯೇ ಕೇಳಿಸಿತು. ಅರಿವೆ ಬದಲಿಸುವ ಹೊತ್ತಾಯಿತಲ್ಲ, ಅದಕ್ಕೇ ಕರೆಯುತ್ತಾಳೆ ಅಂದುಕೊಂಡ. ಸಾಲು ಬಿಟ್ಟು ಹೋದರೆ ಹೊಸ ಸಾಹೇಬರು ಏನೆನ್ನುತ್ತಾರೋ? ಅದೂ ಅಲ್ಲದೆ ಈಗಿನ್ನೂ ಓದಿದರಲ್ಲ, ಮಂಚ ಹೊಸಬರದು, ಮಕ್ಬೂಲ ನೋಡಿಕೊಳ್ಳಲಿ. ಮತ್ತೊಮ್ಮೆ ಕೂಗಿದಳು. ಮಕ್ಬೂಲನೂ ತಲೆ ಎತ್ತಿದ. ಹಿಂದೆ ಒಂದು ಪಡಸಾಲೆಯಿದೆ, ಅಲ್ಲೊಂದು ಮಂಚವಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಯಾರೋ ಹಳಬರ ಕಡೆಯವರು ಅಂದುಕೊಂಡು ಸುಮ್ಮನಾದ. ಶರಬತ್ತು ಹಂಚಿದರು. ಎಲ್ಲ ಮುಗಿಸಿ ದೇವೀಂದ್ರಪ್ಪ ಹಿಂದೆ ಹೋಗುವಷ್ಟರಲ್ಲಿ ಗಾಯದೊಳಗಿನ ನೆತ್ತರನಾಳವೊಂದು ಒಡೆದು, ಬಂಡೆಮ್ಮನ ಮೈಯ ನೆತ್ತರೆಲ್ಲ ಮಂಚದ ಕೆಳಗೆ ಹರಿದಿತ್ತು. ಹೆಬ್ಬೆರಳಿಟ್ಟು ಒತ್ತಿ ಹಿಡಿದಿದ್ದರೆ ನಿಲ್ಲುತ್ತಿದ್ದ ನೆತ್ತರು ಅದು. ಅವನಿಗೆ ಆ ವಿದ್ಯೆ ಬರುತ್ತಿತ್ತು. ಥೂ ನಿನ್ನ, ಏನು ವಿದ್ಯೆ ಬಂದು ಏನು!

ಬಿಸಿಲ ದಿನ, ಹೆಣ ಇಡುವ ಹಾಗಿರಲಿಲ್ಲ. ಬ್ರಹ್ಮಪುರದ ಮಠದವರು ಬಂದು ಅಂದೇ ಸಂಜೆ ಮಣ್ಣು ಮಾಡಿದರು. ಇನ್ನು ಕಮಲಾಪುರಕ್ಕೆ ಹೇಳಿ ಬರಬೇಕಿತ್ತು. ಯಾರು? ದೇವೀಂದ್ರಪ್ಪ ಹೋದರೆ ಸಾವು ಅವನದು, ಸನದು ಹೋಯಿತು. ಮಕ್ಬೂಲ ಹೋದರೆ ಸಾವು ಅವನದು, ಬಂದ ದಿನವೇ ಹೈದರಾಬಾದಿಗೆ ವಾಪಸು. ಇಮಾಮುದ್ದೀನ್ ಸಾಹೇಬರು ಇಬ್ಬರನ್ನೂ ಕರೆಸಿ, "ಆ ಹೆಣ್ಣುಮಗಳು ಯಾರ ರೋಗಿ?" ಎಂದು ಕೇಳಿದರು. ಇಬ್ಬರೂ ನೆಲ ನೋಡಿದರು. ಸಾಹೇಬರು ನಿಟ್ಟುಸಿರು ಬಿಟ್ಟು, ವಿಚಾರಿಸಿ ಹೇಳಿ ಎಂದು ಕಳಿಸಿದರು. ವಿಚಾರಿಸುವುದರಲ್ಲೇ ದಿನ ಹೋದವು.

ಮೊದಲ ಸಂತೆಗೆ ಸಾಯಬಣ್ಣ ಹಣ್ಣು ತಂದಾಗ ಕಟ್ಟೆಯ ಮೇಲೆ ಇದ್ದವನು ದೇವೀಂದ್ರಪ್ಪ.

"ನಮ್ಮ ಬಂಡಿ ಹ್ಯಾಂಗ ಅದಾಳ್ರೀ?" ಅಂದ ಸಾಯಬಣ್ಣ.

"ಅದಾಳ," ಅಂದಿತು ದೇವೀಂದ್ರಪ್ಪನ ನಾಲಿಗೆ. "ಆರಾಮ ಅದಾಳ."

ಸಾಯಬಣ್ಣ ಖುಷಿಯಿಂದ ಹೋದ. ಅಂದೇ ನಡುಮಧ್ಯಾಹ್ನ, ದವಾಖಾನೆಯೆಲ್ಲ ಉಂಡು ತೂಕಡಿಸುವ ಹೊತ್ತಿನಲ್ಲಿ, ಹಿಂದಿನ ಪಡಸಾಲೆಯಿಂದ ಸ್ಪಷ್ಟವಾಗಿ ಕೂಗು ಬಂತು. "ಡಾಕ್ಟರಪ್ಪಾ!"

ಅವನು ಓಡಿದ. ಮಂಚ ಖಾಲಿಯಿತ್ತು. ಬೇವಿನ ಮರದ ನೆರಳು, ಒಂದು ನಾಯಿ, ಮತ್ತೇನೂ ಇಲ್ಲ. ಕಿವಿಯ ಭ್ರಮೆ ಅಂದುಕೊಂಡ. ಮರುದಿನವೂ ಕೂಗಿತು. ಮೂರನೆಯ ದಿನ ಅವನು ಓಡಲಿಲ್ಲ, ಕಿವಿಯಲ್ಲಿ ಅರಳೆ ತುಂಬಿಕೊಂಡು ಕೂತ. ಅರಳೆಯೊಳಗಿಂದಲೂ ಕೇಳಿಸಿತು. ಆ ಹೊತ್ತು ಹತ್ತಿರ ಬಂದರೆ ಅವನ ಅಂಗೈ ಬೆವೆತು, ಹಿಡಿದ ಚಿಮಟ ಜಾರುತ್ತಿತ್ತು. ಭಯವಾಗುತ್ತಿತ್ತು, ಖರೇ ಭಯ, ಚಿಕ್ಕ ಮಕ್ಕಳಿಗೆ ಆಗುವಂಥದ್ದು.

ವಾರ್ಡು ತುಂಬಿದಾಗ ಅಂಬಮ್ಮ ಎನ್ನುವ ಮುದುಕಿಯನ್ನು ಆ ಪಡಸಾಲೆಯ ಮಂಚಕ್ಕೆ ಹಾಕಿದರು. ಕಣ್ಣಿಗೆ ಪೊರೆ ಬಂದು ಏನೂ ಕಾಣದ ಮುದುಕಿ, ಬಂಡೆಮ್ಮನ ಸುದ್ದಿ ಕೇಳಿದವಳೂ ಅಲ್ಲ. ಎರಡನೆಯ ದಿನ ದೇವೀಂದ್ರಪ್ಪನ ಕೈ ಹಿಡಿದು ನಿಲ್ಲಿಸಿದಳು.

"ಯಪ್ಪಾ, ಇಲ್ಲೊಬ್ಬಾಕಿ ಹೆಣ್ಣಮಗಳು ಬರ್ತಾಳಲ್ಲ, ಯಾರಾಕಿ?"

"ಯಾರೂ ಇಲ್ಲಬೇ. ಕನಸ ಬಿದ್ದಿರಬೇಕು."

"ಹಗಲಾಗ ಎಂಥಾ ಕನಸೋ? ಹಾಸಿಗಿ ತುದಿಗಿ ಕುಂದರ್ತಾಳ. ಕುಂತ್ರ ಮಂಚ ಕಿರ್ ಅಂತದ. ದೇವೀಂದ್ರಪ್ಪ ಡಾಕ್ಟರಪ್ಪ ಬಂದಾನೇನು ಅಂತ ಕೇಳ್ತಾಳ. ನಮ್ಮವ್ವಗ ಹೇಳ್ಯಾನೇನು ಅಂತ ಕೇಳ್ತಾಳ. ಏನು ಹೇಳೂದೈತಿ ತಮ್ಮಾ? ಹೇಳಿಬಿಡಬಾರದ? ಪಾಪ, ಭಾಳ ದಣದಾಳ ಆಕಿ."

ದೇವೀಂದ್ರಪ್ಪ ಅವಳ ಕೈ ಬಿಡಿಸಿಕೊಂಡ. ಅಲ್ಲಿಂದ ಸೀದಾ ಮಕ್ಬೂಲನ ಹತ್ತಿರ ಹೋದ. ಮಕ್ಬೂಲ ಔಷಧದ ಕೋಣೆಯಲ್ಲಿ ಶೀಶೆ ತೊಳೆಯುತ್ತಿದ್ದ. ಬೀದರ ಕಡೆಯ ಹುಡುಗ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವನೂ ಸೊರಗಿದ್ದ.

"ಮಕ್ಬೂಲ್ ಭಾಯಿ, ಖರೇ ಹೇಳು. ಮಧ್ಯಾನ್ದಾಗ ನಿನಗೂ ಕೇಳಸ್ತದೇನು?"

ಮಕ್ಬೂಲ ಶೀಶೆ ಕೆಳಗಿಟ್ಟ. "ಎಲ್ಲಾರೂ ಅದನ್ನ ಮಾತಾಡಾಕತ್ತಾರ. ನಾನೂ ಹೋಗಿ ಕುಂತೆ ಭಾಯಿ, ಆ ಪಡಸಾಲ್ಯಾಗ. ದುವಾ ಓದ್ಕೋತ ಕುಂತೆ. ಕೇಳಸಿದ್ರ ನಾನ ಹೋಗಿ ಆಕಿ ಅವ್ವಗ ಹೇಳಿ ಬರ್ತೀನಿ, ಹೋದ್ರ ಹೋಗ್ಲಿ ನೌಕರಿ, ಅಂತ ಕುಂತೆ. ನನಗೇನೂ ಕೇಳಸಲಿಲ್ಲ." ಅವನ ಕಣ್ಣು ತುಂಬಿತು. "ಹ್ಯಾಂಗ ಕೇಳಸೀತು? ಆಕಿಗಿ ನನ್ನ ಹೆಸರಾ ಗೊತ್ತಿಲ್ಲ."

ಆ ಮಾತು ದೇವೀಂದ್ರಪ್ಪನ ಕರುಳಿಗೆ ತಾಗಿತು. ಅಧಿಕಾರಿ ಓದಿದ್ದು, ಸಾಲು ನಿಂತದ್ದು, ಈ ಕಡೆ ಆ ಕಡೆ, ಎಲ್ಲ ಸರಿ. ಬಂಡೆಮ್ಮನಿಗೆ ಮಾತ್ರ ಅದನ್ನು ಯಾರು ಹೇಳಿದ್ದರು? ಸೊಲ್ಲಾಪುರ ಹೋಯಿತು, ಹೈದರಾಬಾದು ಬಂತು ಅಂತ ಆ ಬಡಪಾಯಿಗೇನು ಗೊತ್ತು? ನೆತ್ತರು ಹರಿಯುವಾಗ ಅವಳು ಕೂಗಿದ್ದು ಒಬ್ಬನನ್ನೇ.

ಎರಡನೆಯ ಸಂತೆಯ ಹಣ್ಣು ಬಂದದ್ದು ಮರುದಿನ. ಮಾಗಿ ಘಮಘಮ ಅನ್ನುತ್ತಿತ್ತು. ದೇವೀಂದ್ರಪ್ಪ ಸಾಯಬಣ್ಣನಿಗೆ, "ನಾಳಿ ತಿರಗಿ ಹೋಗಾಗ ನನ್ನೂ ಕರಕೊಂಡು ಹೋಗು" ಅಂದ. ಆಮೇಲೆ ಇಮಾಮುದ್ದೀನ್ ಸಾಹೇಬರ ಮುಂದೆ ಹೋಗಿ ನಿಂತು, ನಾನು ಕಮಲಾಪುರಕ್ಕೆ ಹೋಗುತ್ತೇನೆ ಎಂದ. ಸಾಹೇಬರಿಗೆ ಈಗ ಕಟ್ಟಳೆ ಗೊತ್ತಾಗಿತ್ತು. ಗಡ್ಡ ನೀವಿಕೊಂಡರು. ಹೋದರೆ ನಾನು ನಿನ್ನ ಹೆಸರನ್ನೇ ಬರೆಯಬೇಕಾಗುತ್ತದೆ, ಹೈದರಾಬಾದು ನಿನ್ನನ್ನು ತೆಗೆದುಕೊಳ್ಳುವುದಿಲ್ಲ, ಸೊಲ್ಲಾಪುರದ ಭರ್ತಿಯೂ ಮುಗಿದು ಆ ಬಾಗಿಲು ಮುಚ್ಚಿದೆ, ಇನ್ನೊಮ್ಮೆ ಯೋಚಿಸು ಎಂದರು. ದೇವೀಂದ್ರಪ್ಪ ಯೋಚಿಸಿದ್ದ. ತನ್ನ ಅವ್ವನ ಮುಖ ನೆನಪಾಯಿತು. ಆದರೂ, "ಬರೀರಿ ಸಾಹೇಬ್" ಅಂದ. ಸಾಹೇಬರು ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು.

ಬೆಳಕು ಹರಿಯುವಾಗ ಗಾಡಿ ಹೊರಟಿತು. ಕಪನೂರ ದಾಟಿದ ಮೇಲೆ ಎರಡೂ ಕಡೆ ಬರೀ ಹೊಲ. ಸಾಯಬಣ್ಣನಿಗೆ ಮಾತಿನ ಚಪಲ. ಬಂಡಿ ಯಾವಾಗ ಬರ್ತಾಳ, ನಡೀತಾಳೇನು, ಅಂತ ಒಂದರ ಮೇಲೊಂದು. ದೇವೀಂದ್ರಪ್ಪ ಬಾಯಿ ಬಿಡಲಿಲ್ಲ. ಆ ಮಾತಿನ ಮೊದಲ ಹಕ್ಕು ತಾಯಿಯದು. ಅವನ ಮೌನ ನೋಡಿ ನೋಡಿ ಸಾಯಬಣ್ಣನ ಮುಖ ಕಪ್ಪಿಟ್ಟಿತು. ಆಮೇಲೆ ಅವನೂ ಕೇಳಲಿಲ್ಲ. ಬಿಸಿಲೇರಿದ ಮೇಲೆ, ಇಳಿಜಾರಿನಲ್ಲೂ ಎತ್ತುಗಳು ಏದುಸಿರು ಬಿಟ್ಟು ನಿಂತವು. ಸಾಯಬಣ್ಣ ಇಳಿದು ಗಾಲಿ ನೋಡಿದ, ನೊಗ ನೋಡಿದ.

"ಏನಾಗ್ಯಾದೋ ಇವಕ್ಕ. ಇಬ್ಬರ ಭಾರ ಅಷ್ಟ ಅದ. ತುಂಬಿದ ಗಾಡಿ ಎಳದಂಗ ಜಗ್ಗಾಕತ್ತಾವ."

ದೇವೀಂದ್ರಪ್ಪ ಹಿಂದೆ ತಿರುಗಿ ನೋಡಲಿಲ್ಲ. ಗಾಡಿಯ ಹಿಂಬದಿಯ ಹಲಗೆ ಕಿರ್ ಅಂದದ್ದು ಅವನಿಗೆ ಕೇಳಿಸಿತ್ತು. ಅವನು ಇಳಿದು ಉಳಿದ ದಾರಿಯನ್ನು ಗಾಡಿಯ ಪಕ್ಕದಲ್ಲಿ ನಡೆದೇ ಮುಗಿಸಿದ.

ಕಮಲಾಪುರ ಮುಟ್ಟುವಾಗ ಹೊತ್ತು ವಾಲಿತ್ತು. ಬಾಳೆಯ ತೋಟದ ಮಗ್ಗುಲಿಗೆ ಕೆಂಪು ಮಣ್ಣಿನ ಸಣ್ಣ ಮನೆ. ಸಾಯಬಣ್ಣ ದೂರದಿಂದಲೇ ತೋರಿಸಿ ಎತ್ತು ಬಿಡಲು ಹೋದ. ಒಳಗೆ ಗೋಡೆಗೆ ಒರಗಿ, ಊದಿದ ಮೊಣಕಾಲು ಚಾಚಿಕೊಂಡು ಶಿವಕಾಂತಮ್ಮ ಕೂತಿದ್ದಳು. ಬಂಡೆಮ್ಮನದೇ ಹಣೆ, ಅದೇ ಗಲ್ಲ.

"ಅವ್ವಾ, ನಾ ಬ್ರಹ್ಮಪುರದ ದವಾಖಾನಿಯವ. ದೇವೀಂದ್ರಪ್ಪ."

"ಬರ್ರಿ ಡಾಕ್ಟರಪ್ಪಾ," ಅಂದಳು ಮುದುಕಿ, ಎಷ್ಟೋ ದಿನದಿಂದ ದಾರಿ ನೋಡುತ್ತಿದ್ದವಳಂತೆ.

ಒಳಗೆ ಕಾಲಿಡಲು ಅವನಿಗೆ ಧೈರ್ಯವಾಗಲಿಲ್ಲ. ಹೊಸ್ತಿಲ ಮೇಲೆಯೇ ಕೂರಲು ಹೋದ.

"ಅಲ್ಲಿ ಬ್ಯಾಡ್ರಿ, ಅಲ್ಲಿ ಆಕಿ ಕುಂದರ್ತಾಳ," ಅಂದಳು ಶಿವಕಾಂತಮ್ಮ. "ಇತ್ತ ಸರೀರಿ."

ದೇವೀಂದ್ರಪ್ಪ ಥಟ್ಟನೆ ಮೇಲೆದ್ದ. ಒಳಗೆ ಸರಿದು, ಬಾಗಿಲ ಪಕ್ಕದಲ್ಲಿ ಕಾಲು ಚಾಚಿ ಕೂತ. ನಡೆದು ನಡೆದು ಅವನ ಕಾಲು ಮಡಚಲು ಬರುತ್ತಿರಲಿಲ್ಲ.

"ದಿನಾ ಇದ ಹೊತ್ತಿಗಿ ಬರ್ತಾಳ್ರೀ," ಮುದುಕಿ ಹೇಳಿದಳು. ದನಿ ಶಾಂತವಾಗಿತ್ತು, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಎಲ್ಲಿಂದೋ ನಡಕೊಂಡು ಬಂದಾಕಿಯಂಗ ತೇಕತಿರ್ತಾಳ. ಹೊಸ್ತಿಲದಾಗ ಕುಂದರ್ತಾಳ. ಒಳಗ ಬಾ ಮಗಳಾ ಅಂದ್ರ ತಲಿ ಅಲ್ಲಾಡಸ್ತಾಳ. ಒಳಗ ಬರೂದಿಲ್ಲ, ಹೊರಗ ಹೋಗೂದಿಲ್ಲ."

"ಅವ್ವಾ..."

"ನನಗೇನು ತಿಳಿಯಂಗಿಲ್ಲೇನ್ರಿ? ಹಡದಾಕಿ ನಾ. ಖರೆ ಸಾಯಬಣ್ಣ ಬಂದು ಆರಾಮ ಅದಾಳ ಅಂದ. ಡಾಕ್ಟರಪ್ಪನ ಹೇಳ್ಯಾನ ಅಂದ. ಮ್ಯಾಲ ನಾ ಹ್ಯಾಂಗ ಅಳ್ಲಿ? ಅತ್ರ ಬದುಕಿದ್ದ ಮಗಳಿಗಿ ಅತ್ತಂಗ ಆಗ್ತದ. ನಾನ ಬಾಯಾರೆ ಕೊಂದಂಗ ಆಗ್ತದ. ಹಂಗಂತ ಅಳು ನುಂಗಿಕೊಂಡು ಹಣ್ಣ ಕಳಸಿದೆ. ಎರಡು ಸಂತಿ ಆತು ಡಾಕ್ಟರಪ್ಪಾ. ಎದಿ ಒಡ್ಯಾಕತ್ತದ. ಹೇಳಾಕ ಬಂದದ್ದನ್ನ ಹೇಳಿಬಿಡ್ರಿ."

ದೇವೀಂದ್ರಪ್ಪ ಅವಳ ಮುಖ ನೋಡಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಬಂಡೆಮ್ಮ ಸತ್ತಾಳವ್ವಾ. ನನ್ನ ಕೈಯಾಗ ಸತ್ತಾಳ. ಆಕಿ ನನ್ನ ರೋಗಿ."

ಹೇಳಲು ಶುರು ಮಾಡಿದವನು ನಿಲ್ಲಿಸಲಿಲ್ಲ. ಸುಣ್ಣದ ವಾಸನೆ, ಪಡಸಾಲೆ, ಅಂಗಳದ ಸಾಲು, ಎಲ್ಲ ಹೇಳಿದ. "ಆಕಿ ಕೂಗಿದ್ದು ನನಗ ಕೇಳಸಿತ್ತವ್ವಾ. ಎರಡ ಸಲ ಕೇಳಸ್ತು. ನಾ ಹೋಗಲಿಲ್ಲ. ಹೋಗಿದ್ರ ಉಳೀತಿದ್ಳು." ಸಾಯಬಣ್ಣನಿಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನೇ ಮಕ್ಕಳ ಹಾಗೆ ಅಳುತ್ತಿದ್ದ. ಅವಳು ಏನಾದರೂ ಎತ್ತಿ ಹೊಡೆಯಲಿ ಅಂತ ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು.

ಶಿವಕಾಂತಮ್ಮ ಹೊಡೆಯಲಿಲ್ಲ. ಪೂರ್ತಿ ಕೇಳಿದಳು.

"ನಿನಗ ಪಾಪ ಹತ್ತತದ," ಅಂದಳು. ಇಷ್ಟು ಹೊತ್ತಿನ 'ರೀ' ಬಿದ್ದುಹೋಗಿತ್ತು. "ನಾ ಇರೂತನಕ ನಿನ್ನ ಮಾಫ ಮಾಡಾಂಗಿಲ್ಲ. ತಿಳೀತಿಲ್ಲೋ?"

"ತಿಳೀತವ್ವಾ."

ಆಮೇಲೆ ಅವಳು ಬಾಯಿ ತೆರೆದಳು. ಎರಡು ಸಂತೆಯಿಂದ ಎದೆಯಲ್ಲಿ ಒತ್ತಿ ಹಿಡಿದದ್ದೆಲ್ಲ ಒಮ್ಮೆಲೇ ಹೊರಬಿತ್ತು. "ಅಯ್ಯೋ ನನ ಮಗಳಾ! ಬಂಡೀ! ನನ ಬಂಗಾರಾ!" ಎಂದು ಎದೆ ಎದೆ ಬಡಿದುಕೊಂಡಳು. ತೋಟದ ಕಡೆಯಿಂದ ಹೆಂಗಸರು ಓಡಿ ಬರುವ ಸಪ್ಪಳ ಕೇಳಿಸಿತು. ಎತ್ತು ಬಿಡುತ್ತಿದ್ದ ಸಾಯಬಣ್ಣ ಅಲ್ಲಿಯೇ ನೆಲಕ್ಕೆ ಕೂತು ತಲೆಗೆ ಕೈ ಹಚ್ಚಿದ. ಹೆಂಗಸರು ಇನ್ನೂ ಅಂಗಳ ಮುಟ್ಟಿರಲಿಲ್ಲ. ಮುದುಕಿ ಅಳುತ್ತಲೇ ಎರಡೂ ಕೈ ಚಾಚಿ, ಖಾಲಿ ಹೊಸ್ತಿಲ ಕಡೆ ನೋಡಿ ಕರೆದಳು.

"ಬಾ ಮಗಳಾ. ಹೇಳ್ಯಾರ, ನನಗ ಹೇಳ್ಯಾರ. ಈಗಾರ ಒಳಗ ಬಾ."

ದೇವೀಂದ್ರಪ್ಪ ಚಾಚಿದ್ದ ಕಾಲು ಮಡಚಿಕೊಂಡು, ಗೋಡೆಗೆ ಸರಿದು, ದಾರಿ ಬಿಟ್ಟ.